ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಬೇಕು?

ಹಳೆಯ ಕಂಪ್ಯೂಟರ್ ನಿಧಾನವಾಯ್ತು ಅಂತ ಎಸೆಯಬೇಡಿ. ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿ ನೋಡಿ, ಅದರಲ್ಲಿ ಹಲವು ಬಗೆಗಳಿವೆ. ಮೊದಲು ಎರಡು ವಿಷಯ ನೋಡಿಕೊಳ್ಳಿ: ರ‍್ಯಾಮ್ ಎಷ್ಟಿದೆ, ಪ್ರೊಸೆಸರ್ 32 ಬಿಟ್ಟಾ ಅಥವಾ 64 ಬಿಟ್ಟಾ. ವಿಂಡೋಸ್ 32 ಬಿಟ್ ಅಂತ ತೋರಿಸಿದರೂ ಪ್ರೊಸೆಸರ್ 64 ಬಿಟ್ ಇರಬಹುದು, ಹಾಗಾಗಿ ಸಿಸ್ಟಮ್ ಮಾಹಿತಿಯಲ್ಲಿ ಪ್ರೊಸೆಸರ್ ಬಗ್ಗೆ ಏನು ಬರೆದಿದೆ ಅಂತ ಸರಿಯಾಗಿ ಓದಿ.

4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆ) ಇರುವ ಆವೃತ್ತಿ ಹಾಕಿ. ವಿಂಡೋಸ್ ಬಳಸಿದವರಿಗೆ ಬೇಗ ಕೈಗೆ ಹತ್ತುತ್ತದೆ. 2 ಜಿಬಿ ಮಾತ್ರ ಇದ್ದರೆ ಲುಬುಂಟು ನೋಡಬಹುದು, ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಗುರ. 1 ಜಿಬಿ ಅಥವಾ 32 ಬಿಟ್ ಯಂತ್ರವಾದರೆ ಆಂಟಿಎಕ್ಸ್ ನನ್ನ ಆಯ್ಕೆ. ನೋಡಲು ಅಷ್ಟು ಚೆನ್ನಾಗಿಲ್ಲ, ಆದರೆ ಓಡುತ್ತದೆ. ಪಪ್ಪಿ ಲಿನಕ್ಸ್ ಪೂರ್ತಿ ರ‍್ಯಾಮ್‌ನಲ್ಲೇ ಕೆಲಸ ಮಾಡಬಲ್ಲದು, ಹಾರ್ಡ್ ಡಿಸ್ಕ್ ಕೆಟ್ಟಿದ್ದರೂ ಪೆನ್‌ಡ್ರೈವ್‌ನಿಂದ ನಡೆಯುತ್ತದೆ.

ಸುಮ್ನೆ ನೇರವಾಗಿ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವ್‌ಗೆ ಐಎಸ್‌ಒ (ಲಿನಕ್ಸ್‌ನ ಇನ್‌ಸ್ಟಾಲ್ ಫೈಲ್) ಬರೆದು, ಅದರಿಂದಲೇ ಕಂಪ್ಯೂಟರ್ ಬೂಟ್ (ಶುರು) ಮಾಡಿ, ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಅರ್ಧ ಗಂಟೆ ಬಳಸಿ ನೋಡಿ. ವೈಫೈ, ಧ್ವನಿ, ಪರದೆಯ ಬೆಳಕು ಎಲ್ಲ ಸರಿ ಇದೆಯಾ ಅಂತ ಆಗಲೇ ಗೊತ್ತಾಗುತ್ತದೆ, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕೈಕೊಡುವುದು ವೈಫೈ. ಇನ್‌ಸ್ಟಾಲ್‌ಗೆ ಮುಂಚೆ ನಿಮ್ಮ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಇದನ್ನು ಮರೆಯಲೇಬೇಡಿ.

ಇನ್ನೊಂದು ಮಾತು. ಓಎಸ್ ಎಷ್ಟೇ ಹಗುರ ಇರಲಿ, ರ‍್ಯಾಮ್ ತಿನ್ನುವುದು ಬ್ರೌಸರ್, ಅಲ್ವಾ? ಟ್ಯಾಬ್‌ಗಳು ಕಮ್ಮಿ ಇರಲಿ. ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್) ಹಾಕಿದರಂತೂ ವ್ಯತ್ಯಾಸ ಬೂಟ್ ಆಗುವಾಗಲೇ ಕಾಣುತ್ತದೆ.