ಡಿಸ್ಕ್ ಬರೆಯುವ ಮುಂಚೆ ಇಷ್ಟು ನೋಡಿಕೊಳ್ಳಿ

ಅಕ್ಕನ ಮದುವೆಯ ವಿಡಿಯೋ ಹಾಕಿಟ್ಟ ಡಿವಿಡಿ ಆರೇ ವರ್ಷಕ್ಕೆ ಓದದೆ ಹೋಯಿತು. ತಪ್ಪು ನನ್ನದೇ. ಅವಸರದಲ್ಲಿ 16 ಎಕ್ಸ್ ವೇಗದಲ್ಲಿ, ಅಂದರೆ ಡಿವಿಡಿಯ ಮೂಲ ವೇಗದ ಹದಿನಾರು ಪಟ್ಟಿನಲ್ಲಿ ಬರೆದಿದ್ದೆ. ಸರಿಯಾಗಿ ಬಂದಿದೆಯಾ ಅಂತ ನೋಡಿರಲೇ ಇಲ್ಲ.

ಡೆಸ್ಕ್‌ಟಾಪ್ ಇದ್ದರೆ ಡಿಸ್ಕ್ ಬರೆಯಲು ಒಳಗೆ ಕೂರಿಸುವ ಸಾಟಾ ಡ್ರೈವ್ (ಮದರ್‌ಬೋರ್ಡಿಗೆ ಕೇಬಲ್‌ನಲ್ಲಿ ಜೋಡಿಸುವಂಥದ್ದು) ಕೊಳ್ಳಿ. ಲ್ಯಾಪ್‌ಟಾಪ್‌ಗೆ ತೆಳು ಯುಎಸ್‌ಬಿ ಡ್ರೈವ್ ಸಾಕು. ಆದರೆ ಅದನ್ನು ಹಬ್‌ಗೆ (ಒಂದು ಯುಎಸ್‌ಬಿ ಕಿಂಡಿಯನ್ನು ಹಲವಾಗಿಸುವ ಸಾಧನ) ಸಿಕ್ಕಿಸಬೇಡಿ. ಬರೆಯುವಾಗ ಕರೆಂಟ್ ಜಾಸ್ತಿ ಬೇಕು, ಸಾಲದಿದ್ದರೆ ಮಧ್ಯದಲ್ಲೇ ಕೈಕೊಡುತ್ತದೆ. ಪೆಟ್ಟಿಗೆ ಮೇಲಿನ ದೊಡ್ಡ ವೇಗದ ಅಂಕಿ ನೋಡಿ ಸುಮ್ನೆ ಮರುಳಾಗಬೇಡಿ.

ವೇಗದ ವಿಷಯದಲ್ಲಿ ನಾನು ನಡುದಾರಿಯವನು. 16 ಎಕ್ಸ್ ಡಿವಿಡಿಯನ್ನು 8 ಎಕ್ಸ್‌ನಲ್ಲಿ ಬರೆಯುತ್ತೇನೆ. ತೀರಾ ನಿಧಾನವೂ ಒಳ್ಳೆಯದಲ್ಲ, ಈಗಿನ ಡಿಸ್ಕಿನಲ್ಲಿ ಲೇಸರ್ ಗುರುತು ಮೂಡಿಸುವ ಬಣ್ಣದ ಪದರ ಹೆಚ್ಚು ವೇಗಕ್ಕೆಂದೇ ತಯಾರಾಗಿರುತ್ತದೆ. 4.7 ಜಿಬಿ ಅಂತ ಬರೆದಿದ್ದರೂ ಕಂಪ್ಯೂಟರಿನ 1024ರ ಲೆಕ್ಕಕ್ಕೆ ಅದು ಸುಮಾರು 4.38 ಜಿಬಿ. ಅಷ್ಟನ್ನೂ ತುಂಬಬೇಡಿ. ತಪ್ಪುಗಳು ಹೆಚ್ಚಾಗಿ ಹೊರ ಅಂಚಿನಲ್ಲೇ ಆಗುವುದು, ಬರವಣಿಗೆ ಒಳಗಿನಿಂದ ಶುರುವಾಗಿ ಮುಗಿಯುವುದೂ ಅಲ್ಲೇ ಅಲ್ವಾ!

ಫೈಲುಗಳನ್ನು ಮೊದಲು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ತಂದುಕೊಳ್ಳಿ. ಬರೆಯುವ ತಂತ್ರಾಂಶದಲ್ಲಿ ‘ವೆರಿಫೈ’ಗೆ ಟಿಕ್ ಹಾಕಿ, ಬರೆದದ್ದನ್ನು ಅದೇ ಓದಿ ತಾಳೆ ನೋಡುತ್ತದೆ. ಸಮಯ ಎರಡರಷ್ಟು ಹಿಡಿದರೂ ಪರವಾಗಿಲ್ಲ. ಆಮೇಲೆ ಬೇರೊಂದು ಡ್ರೈವಿನಲ್ಲೂ ತೆರೆದು ನೋಡಿ. ನನ್ನ ಹಳೇ ಡ್ರೈವ್ ತಾನು ಬರೆದದ್ದನ್ನು ತಾನು ಮಾತ್ರ ಓದುತ್ತಿತ್ತು!

ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕು ತಾತ್ಕಾಲಿಕ ಕೆಲಸಕ್ಕಷ್ಟೇ. ಸಿಡಿಯ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಮಾಹಿತಿಯ ಪದರ ಹೆಸರು ಬರೆಯುವ ಬದಿಯಲ್ಲೇ, ತೆಳು ಲೇಪದ ಕೆಳಗಿರುತ್ತದೆ. ಬಿಸಿಲು ತಾಗದ ಕಡೆ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ನನ್ನದು ಈಗ ಅಕ್ಕನ ಬೀರುವಿನಲ್ಲಿದೆ.