ಕಾಲು ಹಾರ್ಮೋನಿಯಂ ಮತ್ತು ಕಂಪನಿ ನಾಟಕದ ಪದಗಳು: ನನ್ನ ಅನುಭವ

ಅಂಕೋಲೆಯ ಹತ್ತಿರ ಒಂದು ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವವರಿದ್ದರು. "ಮಾಸ್ತರೇ, ಅಟ್ಟದ ಮೇಲೊಂದು ಪೇಟಿ ಇದೆ. ಒಲೆಗೆ ಹಾಕುವ ಮೊದಲು ನೀವೊಮ್ಮೆ ನೋಡಿಹೋಗಿ" ಎಂದು ಮನೆಯ ಯಜಮಾನರು ಫೋನ್ ಮಾಡಿದರು. 2019ರ ಮಳೆಗಾಲದ ಕೊನೆ. ಹೋಗಿ ನೋಡಿದರೆ ಅದು ಕೈಪೇಟಿಯಲ್ಲ, ಕಾಲು ಹಾರ್ಮೋನಿಯಂ. ಮಡಚುವ ಮರದ ಚೌಕಟ್ಟು, ಕೆಳಗೆ ಎರಡು ತುಳಿಹಲಗೆ. ಒಂದರ ಪಟ್ಟಿ ಕಿತ್ತುಹೋಗಿತ್ತು. ತಿದಿಯ ಮೂಲೆಯನ್ನು ಇಲಿ ತಿಂದಿತ್ತು. ಆ ತೂತಿಗೆ ಪಂಚೆಯ ತುದಿ ಒತ್ತಿ ಹಿಡಿದು, ಉಳಿದೊಂದು ಹಲಗೆಯನ್ನು ತುಳಿದು ನೋಡಿದೆ. ಮೂರೂವರೆ ಸಪ್ತಕದ 42 ಕೀಗಳಲ್ಲಿ ಸದ್ದು ಮಾಡಿದವು ಒಂಬತ್ತೇ.

ಪೇಟಿಯ ಪಕ್ಕದಲ್ಲಿ ತಗಡಿನ ಟ್ರಂಕು, ಅದರೊಳಗೆ ನಾಲ್ಕು ನೋಟ್‌ಬುಕ್ಕು. ಯಜಮಾನರ ಅಜ್ಜ ಊರ ನಾಟಕಗಳಿಗೂ, ಕಾರವಾರಕ್ಕೆ ಬಂದು ಬಿಡಾರ ಹೂಡುತ್ತಿದ್ದ ಕಂಪನಿಗಳಿಗೂ ಪೇಟಿ ನುಡಿಸಿದವರಂತೆ. ಒಟ್ಟು 61 ಪದಗಳನ್ನು, ಅಂದರೆ ನಾಟಕದ ಹಾಡುಗಳನ್ನು, ಅವರು ದುಂಡಗೆ ಬರೆದಿಟ್ಟಿದ್ದರು. ಸ್ವರಲಿಪಿ ಎಲ್ಲಿಯೂ ಇಲ್ಲ. ಪ್ರತಿ ಪದದ ತಲೆಯ ಮೇಲೆ "ಮಟ್ಟು" (ಹಾಡುವ ಧಾಟಿ) ಎಂದು ಬರೆದು, ಯಾವುದೋ ಮರಾಠಿ ಪದದ ಮೊದಲ ಮೂರು ಶಬ್ದ. ಅದರ ಕೆಳಗೆ "ಬಿಳಿ ನಾಲ್ಕು" ಅಥವಾ "ಕರಿ ನಾಲ್ಕು" ಎಂದು ಶ್ರುತಿ, ಅಂದರೆ ಪೇಟಿಯ ಎಷ್ಟನೆಯ ಬಿಳಿ ಅಥವಾ ಕರಿ ಕೀಯನ್ನು ಷಡ್ಜವಾಗಿ ಹಿಡಿಯಬೇಕೆಂದು. ಅಷ್ಟೇ.

ನಾನು ಮೂವತ್ತು ವರ್ಷಗಳಿಂದ ಹೊನ್ನಾವರ, ಕುಮಟಾ, ಶಿರಸಿ ಕಡೆಯ ಬೈಠಕ್‌ಗಳಲ್ಲಿ ಹಿಂದುಸ್ತಾನಿ ಖಯಾಲ್ ಗಾಯಕರಿಗೆ ಸಾಥ್ ಕೊಡುತ್ತ ಬಂದವನು. ಭಜನೆಗೂ ಭಾವಗೀತೆಗೂ ನುಡಿಸಿದ್ದೇನೆ. ನಾಟಕದ ಪದ ನನಗೆ ಗೊತ್ತಿದ್ದದ್ದು ಕಛೇರಿಯ ಕೊನೆಯ ಹತ್ತು ನಿಮಿಷದಲ್ಲಿ ಹಾಡುವ ನಾಟ್ಯಗೀತೆಯಾಗಿ ಮಾತ್ರ. ಹಾಗಿದ್ದೂ ಆ ನೋಟ್‌ಬುಕ್ಕು ಕೈಗೆ ಬಂದಾಗ, ಇದು ನನ್ನಿಂದಾಗುವ ಕೆಲಸ ಎಂದುಕೊಂಡೆ. ಎಷ್ಟು ತಪ್ಪು ಎಣಿಕೆ ಅದು ಎಂಬುದು ತಿಳಿಯಲು ಎರಡು ವರ್ಷ ಬೇಕಾಯಿತು.

ಕನ್ನಡದ ಪದಕ್ಕೆ ಮರಾಠಿ ಮಟ್ಟು ಯಾಕೆ ಎಂದು ಶಿಷ್ಯರು ಕೇಳುತ್ತಾರೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಾರವಾರದವರಿಗೆ ಮೈಸೂರಿಗಿಂತ ಪುಣೆ, ಸಾಂಗಲಿಗಳೇ ಹತ್ತಿರ. ಆದರೆ ಕತೆ ಅಲ್ಲಿಂದ ಶುರುವಾಗುವುದಿಲ್ಲ. ಹೊನ್ನಾವರದ ಪಕ್ಕದ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿ ಸಂಸ್ಥಾನದಲ್ಲಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ದೊರೆ, ಮರಾಠಿಯಲ್ಲಿಯೂ ಇಂಥದ್ದನ್ನು ಕಟ್ಟು ಎಂದು ತನ್ನ ಆಶ್ರಿತ ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ ಸೀತಾಸ್ವಯಂವರ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಶಾಕುಂತಲವನ್ನು ನೂರಕ್ಕೂ ಹೆಚ್ಚು ಪದಗಳ ಸಂಗೀತ ನಾಟಕವಾಗಿ ಆಡಿಸಿದರು. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆಮೇಲೆ ಗಾಯಕ ನಟ ಬಾಲಗಂಧರ್ವರ ಕಾಲ, ಗಾಯಕ ಭಾಸ್ಕರಬುವಾ ಬಖಲೆಯವರು ಕಟ್ಟಿದ ಚಾಲುಗಳ (ಮಟ್ಟುಗಳ) ಕಾಲ. ಆ ಮಟ್ಟುಗಳು ಕಂಪನಿಗಳ ಪೆಟ್ಟಿಗೆಯಲ್ಲಿ ಘಟ್ಟ ಇಳಿದು ಮತ್ತೆ ನಮ್ಮ ಕರಾವಳಿಗೆ ಬಂದವು. ಕರ್ಕಿಯಿಂದ ಹೊರಟದ್ದು ಬೇರೆ ಬಟ್ಟೆ ತೊಟ್ಟು ಅಂಕೋಲೆಯ ಅಟ್ಟ ಸೇರಿತ್ತು ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪೇಟಿಯ ರಿಪೇರಿಯನ್ನು ನಾನೇ ಮಾಡಿದೆ. ದೀಪಾವಳಿ ಕಳೆಯುವವರೆಗೂ ಮುಟ್ಟಲಿಲ್ಲ. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮೊದಲು ತಿದಿಯ ಮೂಲೆಗೆ ಕುರಿಯ ತೆಳು ಚರ್ಮ, ತುಳಿಹಲಗೆಗೆ ಹೊಸ ಪಟ್ಟಿ. ಆಮೇಲೆ ರೀಡುಗಳು, ಅಂದರೆ ಗಾಳಿಗೆ ಮಿಡಿದು ಸ್ವರ ಕೊಡುವ ಹಿತ್ತಾಳೆಯ ನಾಲಗೆಗಳು. ಖರ್ಜದ (ತಗ್ಗು ಸ್ವರದ) ಸಾಲು, ನರದ (ಅದಕ್ಕಿಂತ ಮೇಲಿನ ಸ್ವರದ) ಸಾಲು ಎರಡೂ ಸೇರಿ 84. ಕಡಲ ಗಾಳಿಗೆ ಹಿತ್ತಾಳೆ ಕಿಲುಬು ಹಿಡಿದು ಹಸಿರಾಗಿತ್ತು. ಒಂದೊಂದನ್ನೂ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನಾಲಗೆಯ ಕೆಳಗೆ ತೆಳು ತಗಡಿನ ಪಟ್ಟಿ ತೂರಿಸಿ ಸ್ವರ ಕೂಡಿಸಬೇಕು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆಯುವುದೆಂದರೆ ಕಣ್ಣಿಗೆ ಕಾಣದಷ್ಟು. ಹಿತ್ತಾಳೆಯ ಪುಡಿ ಉಗುರಿಗೆ ಅಂಟಿದರೆ ಅದೇ ಹೆಚ್ಚಾಯಿತು. ಎರಡು ರೀಡುಗಳನ್ನು ಒಟ್ಟಿಗೆ ಊದಿಸಿದಾಗ ಸ್ವರ ಅಲೆಯಲೆಯಾಗಿ ಕೇಳಿದರೆ ಇನ್ನೂ ಕೂಡಿಲ್ಲ. ಸೆಕೆಂಡಿಗೆ ಎರಡು ಕಂಪನದ ವ್ಯತ್ಯಾಸವಿದ್ದರೆ ಎರಡು ಅಲೆ. ಕೆರೆದಂತೆ ಅಲೆ ನಿಧಾನವಾಗುತ್ತ ಬಂದು, ಕೊನೆಗೆ ಇಲ್ಲವಾಗಿ, ಎರಡು ರೀಡು ಒಂದೇ ಗಂಟಲಾಗುವ ಆ ಗಳಿಗೆಗಾಗಿ ರಾತ್ರಿ ಹನ್ನೊಂದರವರೆಗೂ ಕೂರುತ್ತಿದ್ದೆ. ಮಧ್ಯಸಪ್ತಕದ ಒಂದು ನಾಲಗೆಯನ್ನು ಅವಸರದಲ್ಲಿ ಮುರಿದೆ. ಅದಕ್ಕೆ ಜೋಡಿ ಸಿಗಲು ಎರಡು ತಿಂಗಳು ಹಿಡಿಯಿತು.

ಗಾಂಧಾರವನ್ನು ತಂಬೂರಿಯ ಸಹಜ ಗಾಂಧಾರಕ್ಕೆ ಕೂಡುವಂತೆ ತುಸು ಇಳಿಸಿಬಿಡಲೇ ಎಂದು ಬಹಳ ಯೋಚಿಸಿದೆ. ಹಾಗೆ ಮಾಡಿದರೆ ಒಂದೇ ಷಡ್ಜಕ್ಕೆ ಪೇಟಿ ಮಧುರವಾಗುತ್ತದೆ, ಉಳಿದ ಶ್ರುತಿಗಳಿಗೆ ಕೆಡುತ್ತದೆ. ನಾಟಕದಲ್ಲಿ ಪಾತ್ರ ಬದಲಾದಂತೆ ಶ್ರುತಿಯೂ ಬದಲಾಗುತ್ತದೆ. ಹಾಗಾಗಿ ಸಮ ಅಂತರದ ಸ್ವರಗಳನ್ನೇ ಉಳಿಸಿದೆ. ಪೇಟಿಯ ಮೇಲಿನ ಹಳೆಯ ಆಕ್ಷೇಪಗಳಲ್ಲಿ ಇದೂ ಒಂದು. ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. 1971ರ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆಯಿತು. ಪೇಟಿಯನ್ನು ಒಪ್ಪದವರಲ್ಲಿ ರವೀಂದ್ರನಾಥ ಟಾಗೋರರೂ ಇದ್ದರು. ಅವರು ಇಪ್ಪತ್ತೆರಡರ ಹರೆಯದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಕಾರವಾರದ ಕಡಲ ದಂಡೆಯಲ್ಲಿ ಕುಳಿತು ನಾಟಕ ಬರೆದವರು. ಅವರ ಕಿವಿಯನ್ನು ನಾನು ಗೌರವಿಸುತ್ತೇನೆ, ಮೀಂಡಿನ ಮಾತೂ ನಿಜ. ಆದರೆ ಮೈಕ್ ಇಲ್ಲದ ಡೇರೆಯಲ್ಲಿ, ಕೊನೆಯ ಸಾಲಿನ ನೆಲದ ಟಿಕೆಟ್ಟಿನವನವರೆಗೆ ಷಡ್ಜವನ್ನು ಮುಟ್ಟಿಸಲು ಬೇರೆ ಯಾವ ವಾದ್ಯವಿತ್ತು?

ಮಟ್ಟು ಹುಡುಕುವ ಕೆಲಸ ಬೇರೆಯದೇ ಕಷ್ಟ. ಕಾರವಾರ, ಸದಾಶಿವಗಡದ ಕಡೆ ಮರಾಠಿ ನಾಟ್ಯಸಂಗೀತ ಕೇಳಿ ಬೆಳೆದ ಹಿರಿಯರ ಮನೆಗೆ ಹೋಗಿ ಮೊದಲ ಸಾಲು ಓದಿದರೆ ಕೆಲವೊಮ್ಮೆ ಅವರೇ ಹಾಡಿಬಿಡುತ್ತಿದ್ದರು. ಉಳಿದವನ್ನು ಹಳೆಯ ಧ್ವನಿಮುದ್ರಿಕೆಗಳಿಂದ ಕಲಿತೆ. ಇಲ್ಲಿಯೇ ಎಡವಿದೆ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ಪದ ಮುಗಿಯಬೇಕೆಂದು ಗಾಯಕರು ಲಯವನ್ನು ಏರಿಸಿ, ಬಿಡುವುಗಳನ್ನು ನುಂಗಿ ಹಾಡಿರುತ್ತಾರೆ. ರಂಗದ ಮೇಲೆ ಅದೇ ಪದ, ಒನ್ಸ್ ಮೋರ್ ಬಿದ್ದರೆ, ಕಾಲು ಗಂಟೆಯೂ ಬೆಳೆಯುತ್ತಿತ್ತು. ನಾನು ತಟ್ಟೆಯ ಅಳತೆಯನ್ನೇ ಪದದ ಅಳತೆ ಎಂದುಕೊಂಡೆ.

2021ರ ಡಿಸೆಂಬರಿನಲ್ಲಿ, ಕೊರೋನಾ ಕಾಲದ ಬಿಗಿ ಸಡಿಲವಾದ ಮೇಲೆ, ಹೊನ್ನಾವರದ ಒಂದು ಸಭಾಂಗಣದಲ್ಲಿ ಮೊದಲ ಕಾರ್ಯಕ್ರಮ. ಹಾಡಿದವಳು ನನ್ನ ಶಿಷ್ಯೆ, ಹೈಸ್ಕೂಲ್ ಶಿಕ್ಷಕಿ. ಗಂಟಲು ತಯಾರಾಗಿತ್ತು, ತಬಲಾದವರೂ ಪಳಗಿದವರು. ಒಂದರ ಹಿಂದೆ ಒಂದು ಹತ್ತು ಪದ ನಿವೇದಿಸಿದೆವು. ಭೀಮಪಲಾಸ, ಪೀಲೂ, ಮಾಂಡ, ಭೈರವಿ ರಾಗಗಳು. ಜನ ಚಪ್ಪಾಳೆ ತಟ್ಟಿದರು, ಮೊಬೈಲ್ ನೋಡಿದರು, ಅರ್ಧದಲ್ಲೇ ಎದ್ದುಹೋದರು. ಆ ರಾತ್ರಿ ಪೇಟಿಯನ್ನು ಟೆಂಪೊಗೆ ಏರಿಸುವಾಗ ನನಗೆ ಎದೆ ಭಾರವಾಗಿತ್ತು. ಸ್ವರ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ. ಪದಗಳು ಮಾತ್ರ ನೀರಿನಿಂದ ತೆಗೆದ ಮೀನಿನ ಹಾಗೆ ಬಿದ್ದುಕೊಂಡಿದ್ದವು.

ಮರುವರ್ಷ ಮಾರ್ಚಿನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ದೇವಿ ಬಿಡಕಿಬಯಲಿನ ಗದ್ದುಗೆ ಏರುವ ಆ ದಿನಗಳಲ್ಲಿ ನಾಟಕ ಕಂಪನಿಗಳು ಇಂದಿಗೂ ಡೇರೆ ಹಾಕುತ್ತವೆ. ಈಗಿನ ನಾಟಕಗಳಲ್ಲಿ ಹಾಸ್ಯ ಹೆಚ್ಚು, ಪದ ಕಡಿಮೆ. ಇದ್ದ ಪದಕ್ಕೂ ಕೀಬೋರ್ಡು, ಪ್ಯಾಡು. ಟಾಕಿ ಸಿನಿಮಾ ಬಂದಾಗಲೇ ಪದಗಳು ಪರದೆಗೆ ಹಾರಿಹೋದವು. 1934ರಲ್ಲಿ ಕನ್ನಡದ ಮೊದಲ ಟಾಕಿ ತೆರೆಕಂಡಾಗ ಅದರ ನಟರೂ ಕಂಪನಿಗಳಿಂದಲೇ ಬಂದವರು. ಹೊಟ್ಟೆಪಾಡಿಗೆ ಜನ ಕೇಳಿದ್ದನ್ನು ಕೊಡುವವರನ್ನು ನಾನು ದೂರುವುದಿಲ್ಲ. ಅಲ್ಲಿ ಒಬ್ಬ ಹಿರಿಯ ಮೇಕಪ್ ಕಲಾವಿದರು ನನ್ನ ಹುಡುಕಾಟವನ್ನು ಕೇಳಿ, "ಇದೇ ಊರಿನಲ್ಲಿ ಮಗಳ ಮನೆಯಲ್ಲಿ ಅವ್ವ ಇದ್ದಾರೆ, ಹೋಗಿ ಕಾಲಿಗೆ ಬೀಳಿ" ಎಂದರು. ಹುಬ್ಬಳ್ಳಿ ಕಡೆಯವರು, ಎಳೆಯ ವಯಸ್ಸಿಗೇ ಕಂಪನಿ ಸೇರಿ ಚಂದ್ರಮತಿ, ದ್ರೌಪದಿ ಎಲ್ಲ ಮಾಡಿದವರು. ಎಂಬತ್ತು ದಾಟಿತ್ತು.

ನೋಟ್‌ಬುಕ್ಕಿನಲ್ಲಿದ್ದ ಚಂದ್ರಮತಿಯ ಪದ ತೆಗೆದು, ಕೈಪೇಟಿಯಲ್ಲಿ ಷಡ್ಜ ಹಿಡಿದು, "ಅವ್ವ, ಹೇಳಿಕೊಡಿ" ಎಂದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಮಾಸ್ತರೇ, ಮಾತೆಲ್ಲಿ?"

ಮಾತು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅವರಿಗೆ ಬಾಯಲ್ಲೇ ಇತ್ತು. ಕುರ್ಚಿಯಿಂದ ಇಳಿದು ನೆಲಕ್ಕೆ ಕುಳಿತು, ತೊಡೆಯ ಮೇಲೆ ಮಗುವಿನ ತಲೆ ಇದ್ದ ಹಾಗೆ ಕೈ ಇಟ್ಟುಕೊಂಡು, "ದರ್ಭೆ ತರುತ್ತೇನೆಂದು ಹೋದವನು ಹೀಗೆ ಮಲಗಿಬಿಟ್ಟೆಯಲ್ಲೋ ಮಗನೇ" ಎಂದರು. ಮಾತೇ ಅದು, ಹಾಡಲ್ಲ. ಆದರೆ ಕೊನೆಯ "ನೇ" ಎಳೆದು, ನಡುಗಿ, ಒಂದು ಕಡೆ ನಿಂತಿತು.

"ಎಲ್ಲಿ ನಿಂತೆ, ಹುಡುಕಿ."

ಹುಡುಕಿದೆ. ಪಂಚಮ.

"ಅದನ್ನು ಕೊಡಬೇಕು, ಷಡ್ಜವನ್ನಲ್ಲ. ಅದೂ ನನ್ನ ಉಸಿರು ಮುಗಿಯುವುದರೊಳಗೆ. ಮುಗಿದ ಮೇಲೆ ಕೊಟ್ಟರೆ ಸಾವಿನ ಮನೆಗೆ ಹನ್ನೆರಡನೆಯ ದಿನ ಬಂದ ಹಾಗೆ."

ಮತ್ತೆ ಮಾತು, ಮತ್ತೆ ಪಂಚಮ. ಮೂರು ಸಲ ತಡವಾಯಿತು, ನಾಲ್ಕನೆಯ ಸಲ ಜೋರಾಯಿತು. ಐದನೆಯ ಸಲ ಅವರ ಸ್ವರದ ಕೆಳಗೆ ನನ್ನ ಸ್ವರ ಚಾಪೆ ಹಾಸಿದ ಹಾಗೆ ಸೇರಿತು. ಎಲ್ಲಿ ಮಾತು ಮುಗಿಯಿತು, ಎಲ್ಲಿ ಪದ ಹಿಡಿಯಿತು ಎಂದು ನುಡಿಸುತ್ತಿದ್ದ ನನಗೇ ತಿಳಿಯಲಿಲ್ಲ. ಖುಷಿಯಲ್ಲಿ, ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ರೂಢಿಯಂತೆ ಒಂದು ಚಿಕ್ಕ ತಾನು (ಸ್ವರಗಳ ವೇಗದ ಓಟ) ಹಾಕಿದೆ. ಅವ್ವ ಹಾಡು ನಿಲ್ಲಿಸಿದರು.

"ಆಕೆ ಮಗನ ಹೆಣ ಇಟ್ಟುಕೊಂಡು ಕುಳಿತಿದ್ದಾಳೆ. ನೀವು ತಾನು ಹೊಡೆಯುತ್ತೀರಲ್ಲ."

ಆ ಮಾತು ಈಗಲೂ ನನ್ನ ಬೆರಳ ತುದಿಯಲ್ಲಿದೆ.

ಹತ್ತು ತಿಂಗಳು, ಹದಿನೈದು ದಿನಕ್ಕೊಮ್ಮೆ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಶಿಷ್ಯೆಯೂ ಬಂದಳು. ಕಾಲು ಹಾರ್ಮೋನಿಯಂ ಇರುವುದು ಯಾಕೆ ಎಂಬುದೂ ಆಗಲೇ ಅರ್ಥವಾದದ್ದು. ಕೈಪೇಟಿಯಲ್ಲಿ ಎಡಗೈ ತಿದಿಗೆ ಹೋಗುತ್ತದೆ. ಕಾಲಿನಿಂದ ತುಳಿದರೆ ಎರಡೂ ಕೈ ಬಿಡುವು: ಬಲಗೈ ಪದದ ಜೊತೆ, ಎಡಗೈ ನಟಿ ನಿಂತ ಸ್ವರದ ಮೇಲೆ. ಪಾದ ಮೆಲ್ಲಗೆ ಒತ್ತಿದರೆ ಮಾತಿನ ಕೆಳಗೆ ಹರಿಯುವಷ್ಟೇ ಗಾಳಿ, ಗಟ್ಟಿಯಾಗಿ ಒತ್ತಿದರೆ ಪದ ಏಳುತ್ತದೆ. ನನ್ನ ದೊಡ್ಡ ದೋಷವೆಂದರೆ ಪಾದ ತಬಲಾದ ಲಯಕ್ಕೆ ಕುಣಿಯತೊಡಗುವುದು. ಗಾಳಿಗೆ ತಾಳವಿರಬಾರದು. ಇದನ್ನು ಬಿಡಿಸಿಕೊಳ್ಳಲು ತಬಲಾದವರು ದಾದರಾ ತಾಳ ನುಡಿಸುವಾಗ ನಾನು ಒಂದೇ ಸ್ವರ ಒತ್ತಿ ಹಿಡಿದು ಹತ್ತು ಹತ್ತು ನಿಮಿಷ ಸುಮ್ಮನೆ ತುಳಿಯುತ್ತಿದ್ದೆ. ಶ್ರುತಿಯನ್ನೂ ಇಳಿಸಿದೆವು. ಕರಿ ನಾಲ್ಕು ಮೈಕ್ ಇಲ್ಲದ ಕಾಲದ ಶ್ರುತಿ. ಶಿಷ್ಯೆಗೆ ಬಿಳಿ ನಾಲ್ಕು ಒಗ್ಗಿತು.

61ರಲ್ಲಿ 23 ಪದಗಳ ಮಟ್ಟು ಸಿಕ್ಕಿದೆ. ಮಾತು ಸಹಿತ ಸಿಕ್ಕಿದ್ದು ಏಳು ಮಾತ್ರ, ಅವೆಲ್ಲ ಅವ್ವನಿಂದ. ಉಳಿದ ಹದಿನಾರನ್ನು ವೇದಿಕೆಗೆ ತರುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಬರಿಯ ಪದವಾಗಿ ಹಾಡಿದರೆ ಏನಾಗುತ್ತದೆಂದು ಹೊನ್ನಾವರದಲ್ಲಿ ನೋಡಿಯಾಗಿದೆ.

2023ರ ಜನವರಿಯಲ್ಲಿ ಶಿರಸಿಯ ಒಂದು ಮನೆಯ ಅಂಗಳದಲ್ಲಿ ಆ ಏಳು ಪದಗಳನ್ನು ಮಾತು ಸಹಿತ ಆಡಿದೆವು. ವೇಷವಿಲ್ಲ, ಪರದೆಯಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಎಪ್ಪತ್ತು, ಎಂಬತ್ತು ಜನ. ಅವ್ವ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದರು. ಚಂದ್ರಮತಿಯ ಪದ ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಒಂದಿಷ್ಟು ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಹಿರಿಯರು "ಒನ್ಸ್ ಮೋರ್" ಎಂದರು. ಶಿಷ್ಯೆಗೆ ಇದು ಹೊಸದು. ಪಲ್ಲವಿಗೆ ಹೋಗಲೇ ಎಂಬಂತೆ ನನ್ನನ್ನು ನೋಡಿದಳು. ನಾನು ಅವ್ವನನ್ನು ನೋಡಿದೆ. ಅವರು ತೊಡೆಯ ಮೇಲೆ ಕೈ ಇಟ್ಟು ತೋರಿಸಿದರು. ನಾನು ಕೀಗಳಿಂದ ಕೈ ತೆಗೆದೆ, ಪಾದವನ್ನು ಮಾತ್ರ ಹಲಗೆಯ ಮೇಲೆ ಉಳಿಸಿಕೊಂಡೆ. ಅವಳು ತಲೆ ತಗ್ಗಿಸಿ, ಮತ್ತೆ "ದರ್ಭೆ ತರುತ್ತೇನೆಂದು" ಎಂದು ಮಾತಿನಿಂದ ಶುರುಮಾಡಿದಳು.