ವಿಡಿಯೊ ಎಡಿಟ್ ಮಾಡುವಾಗ ಟೈಮ್‌ಲೈನ್ ತಡವರಿಸಿದರೆ ಮೊದಲು ಹಾರ್ಡ್ ಡಿಸ್ಕಿನ ಕೇಬಲ್ ನೋಡಿ

ಎರಡು ಗಂಟೆಯ ಒಂದು ನಾಟಕ. ಮೂರು ಕ್ಯಾಮೆರಾ ಇಟ್ಟು ಶೂಟ್ ಮಾಡಿದ್ದೆವು. ಫೂಟೇಜ್ ಎಲ್ಲ ಸೇರಿ ಸುಮಾರು 270 ಜಿಬಿ. ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಇರಲಿಲ್ಲ, ಅದಕ್ಕೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಿಂದಲೇ ಎಡಿಟ್ ಮಾಡುತ್ತಿದ್ದೆ. ಒಂದು ಕ್ಯಾಮೆರಾದ ಕ್ಲಿಪ್ ಮಾತ್ರ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಮೂರನ್ನೂ ಸೇರಿಸಿ ಮಲ್ಟಿಕ್ಯಾಮ್ ಮಾಡಿದ ಕೂಡಲೇ ಚಿತ್ರ ತಡವರಿಸುತ್ತಿತ್ತು. ಮಾತು ಮುಂದೆ ಹೋಗುತ್ತಿತ್ತು, ನಟನ ತುಟಿ ಹಿಂದೆ ಉಳಿಯುತ್ತಿತ್ತು. ಲ್ಯಾಪ್‌ಟಾಪಿಗೆ ಶಕ್ತಿ ಸಾಲದು ಅಂದುಕೊಂಡು ಎರಡು ದಿನ ಸಾಫ್ಟ್‌ವೇರ್ ಸೆಟ್ಟಿಂಗ್ಸ್ ಬದಲಿಸುತ್ತಾ ಕೂತೆ. ತೊಂದರೆ ಇದ್ದದ್ದು ಕೇಬಲಿನ ತುದಿಯಲ್ಲಿ.

ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಹಾಕುವ ಆ ಚಪ್ಪಟೆ, ಅಗಲದ ಪಿನ್ನನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರಲ್ಲಿ ಎರಡು ಭಾಗ ಇದೆ. ದೊಡ್ಡ ಭಾಗ ಹಳೆಯ ಯುಎಸ್‌ಬಿ 2. ಪಕ್ಕದ ಚಿಕ್ಕ ಭಾಗದಲ್ಲಿ ಯುಎಸ್‌ಬಿ 3ಕ್ಕೆ ಬೇಕಾದ ಇನ್ನೂ ಐದು ಸಂಪರ್ಕಗಳಿವೆ. ಪಿನ್ ಸ್ವಲ್ಪ ಓರೆಯಾಗಿ ಕೂತರೆ, ಅಥವಾ ಸಾಕೆಟ್ ಸಡಿಲವಾಗಿದ್ದರೆ, ಚಿಕ್ಕ ಭಾಗ ತಾಗುವುದೇ ಇಲ್ಲ. ಆಗಲೂ ಡಿಸ್ಕ್ ಕಾಣಿಸುತ್ತದೆ, ಫೈಲ್ ತೆರೆಯುತ್ತದೆ, ಲೈಟ್ ಉರಿಯುತ್ತದೆ. ಆದರೆ ಯುಎಸ್‌ಬಿ 2 ವೇಗದಲ್ಲಿ. ಅಂದರೆ ಸೆಕೆಂಡಿಗೆ ಸುಮಾರು 35 ಎಂಬಿ.

ಈಗ ಲೆಕ್ಕ ಹಾಕಿ. ನನ್ನ ಒಂದೊಂದು ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿತ್ತು. ಎಂಟು ಬಿಟ್‌ಗೆ ಒಂದು ಬೈಟ್, ಅದಕ್ಕೆ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ಮೂರಕ್ಕೆ 37.5. ಒಂದು ಕ್ಯಾಮೆರಾ ಸಲೀಸಾಗಿ ಓಡಿ, ಮೂರು ಸೇರಿದಾಗ ನಿಂತದ್ದು ಯಾಕೆ ಅಂತ ಗೊತ್ತಾಯ್ತಲ್ವಾ?

ನೀವೂ ಪರೀಕ್ಷೆ ಮಾಡಿ. ಸುಮಾರು 10 ಜಿಬಿಯ ಒಂದೇ ವಿಡಿಯೊ ಫೈಲನ್ನು ಹಾರ್ಡ್ ಡಿಸ್ಕಿನಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಒಂದೂವರೆ ಎರಡು ನಿಮಿಷದಲ್ಲಿ ಮುಗಿದರೆ ಡಿಸ್ಕ್ ಸರಿಯಾದ ವೇಗದಲ್ಲಿದೆ. ಐದು ನಿಮಿಷ ಹಿಡಿದರೆ ಕೇಬಲ್ ಬದಲಿಸಿ, ಇನ್ನೊಂದು ಪೋರ್ಟಿಗೆ ಹಾಕಿ, ಮತ್ತೆ ನೋಡಿ. ಟೈಪ್-ಸಿ ಕೇಬಲ್ ಆದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮೊಬೈಲ್ ಚಾರ್ಜರ್ ಜೊತೆ ಬರುವ ಎಷ್ಟೋ ಕೇಬಲ್‌ಗಳು ಯುಎಸ್‌ಬಿ 2 ಮಾತ್ರ. ನೋಡುವುದಕ್ಕೆ ಎಲ್ಲ ಒಂದೇ ಥರ ಇರುತ್ತವೆ. ಡಿಸ್ಕಿನ ಕೇಬಲಿಗೆ ನಾನು ಬಣ್ಣದ ಟೇಪ್ ಸುತ್ತಿಟ್ಟಿದ್ದೇನೆ.

ನಿಧಾನವಾಗುವುದು ಒಂದು ಕಷ್ಟ. ಕೆಲಸದ ಮಧ್ಯೆ ಡಿಸ್ಕ್ ಕಳಚಿಕೊಳ್ಳುವುದು ಬೇರೆಯೇ ಕಷ್ಟ. ಹೀಗಾದರೆ ಮೊದಲು ಯುಎಸ್‌ಬಿ ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ಯುಎಸ್‌ಬಿ 3 ಪೋರ್ಟ್ ಸಾಮಾನ್ಯವಾಗಿ 900 ಮಿಲಿಆಂಪ್ ಕೊಡುತ್ತದೆ, ಯುಎಸ್‌ಬಿ 2 ಪೋರ್ಟ್ 500. ತನ್ನದೇ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಮೌಸ್, ಕಾರ್ಡ್ ರೀಡರ್, ಡಿಸ್ಕ್ ಮೂರೂ ಇದ್ದರೆ ಆ ಕರೆಂಟನ್ನೇ ಹಂಚಿಕೊಳ್ಳಬೇಕು. ತಿರುಗುವ ಡಿಸ್ಕಿಗೆ ಅದು ಸಾಲದೆ ಹೋಗಬಹುದು. ತಿರುಗಲು ಶುರು ಮಾಡಿ, ನಿಂತು, ಮತ್ತೆ ಶುರು ಮಾಡುವ ಸದ್ದು ಕೇಳಿದರೆ ಡಿಸ್ಕ್ ಹೋಯ್ತು ಅಂತ ಆಗಲೇ ತೀರ್ಮಾನ ಮಾಡಬೇಡಿ.

ಹತ್ತು ಹದಿನೈದು ನಿಮಿಷ ಸುಮ್ನೆ ಬಿಟ್ಟು ಬಂದಾಗ ಮಾತ್ರ ಕಳಚಿದ್ದರೆ ಕಾರಣ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಇರಬಹುದು. ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನು ಆಫ್ ಮಾಡಿ. ಅಲ್ಲಿ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು ಪವರ್ ಮ್ಯಾನೇಜ್‌ಮೆಂಟ್‌ನ ಟಿಕ್ ತೆಗೆಯಿರಿ. ಮ್ಯಾಕ್‌ನಲ್ಲಿ ಹಾರ್ಡ್ ಡಿಸ್ಕನ್ನು ಮಲಗಿಸುವ ಆಯ್ಕೆ ಬ್ಯಾಟರಿ ಸೆಟ್ಟಿಂಗ್ಸ್ ಕಡೆ ಇರುತ್ತದೆ.

ಪ್ರಾಜೆಕ್ಟ್ ತೆರೆದಾಗ ಪರದೆ ತುಂಬ ಕೆಂಪಗೆ ‘ಮೀಡಿಯಾ ಆಫ್‌ಲೈನ್’ ಕಂಡರೆ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಸಲ ಫೈಲ್‌ಗಳು ಇದ್ದಲ್ಲೇ ಇರುತ್ತವೆ. ನಿನ್ನೆ ‘ಇ’ ಆಗಿದ್ದ ಡ್ರೈವ್ ಇವತ್ತು ‘ಎಫ್’ ಆಗಿರುತ್ತದೆ, ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆಯ ಅಕ್ಷರವನ್ನೇ ಕೊಡಿ, ಅಥವಾ ಸಾಫ್ಟ್‌ವೇರ್‌ನಲ್ಲಿ ರೀಲಿಂಕ್ ಮಾಡಿ, ಅಂದರೆ ಫೈಲ್ ಈಗ ಎಲ್ಲಿದೆ ಅಂತ ತೋರಿಸಿ.

ಇನ್ನು ನಿಜವಾಗಿ ಹೆದರಬೇಕಾದ ಸಂದರ್ಭ. ಡಿಸ್ಕ್ ಹಾಕಿದ ಕೂಡಲೇ ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳಿದರೆ ದಯವಿಟ್ಟು ಕ್ಯಾನ್ಸಲ್ ಒತ್ತಿ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಪ್ರಯತ್ನಿಸಿ. ಡಿಸ್ಕ್ ತೆರೆದುಕೊಂಡರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ. ಅಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲಿದೆ. ಓದಲು ಆಗದೆ ಬಾಕಿ ಉಳಿದ ಜಾಗಗಳ ಎಣಿಕೆ ಅದು. ಸೊನ್ನೆಗಿಂತ ಜಾಸ್ತಿ ಇದ್ದರೆ ಎಡಿಟಿಂಗ್ ನಿಲ್ಲಿಸಿ, ಮೊದಲು ಕಾಪಿ ಮಾಡಿ. ಮತ್ತೆ ಶೂಟ್ ಮಾಡಲಾಗದ ಫೂಟೇಜ್ ಮೊದಲು, ಆಮೇಲೆ ಪ್ರಾಜೆಕ್ಟ್ ಫೈಲ್, ಕೊನೆಗೆ ಉಳಿದದ್ದು. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದಾದರೆ ಕಾಪಿ ಆದ ಮೇಲೇ. ಸಾಯುತ್ತಿರುವ ಡಿಸ್ಕಿಗೆ ಆ ರಿಪೇರಿಯೇ ಭಾರವಾಗಬಹುದು. ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಕೇಬಲ್ ಬದಲಿಸಿದ ಮೇಲೂ ಟಿಕ್ ಟಿಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಕಳಚಿ ಪಕ್ಕಕ್ಕಿಡಿ. ಒಳಗಿನದು ಮುಖ್ಯವಾಗಿದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಹಾನಿ ಹೆಚ್ಚು.

ಡಿಸ್ಕ್ ಆರೋಗ್ಯವಾಗಿದೆ, ವೇಗವೂ ಸರಿಯಿದೆ, ಆದರೂ ತಡವರಿಸುತ್ತಿದೆ ಅಂದರೆ ಕ್ಯಾಶ್, ಅಂದರೆ ಎಡಿಟಿಂಗ್ ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಬರೆದಿಟ್ಟುಕೊಳ್ಳುವ ಫೈಲ್‌ಗಳು, ಎಲ್ಲಿದೆ ನೋಡಿ. ಹಾರ್ಡ್ ಡಿಸ್ಕಿನೊಳಗೆ ಓದುವುದಕ್ಕೂ ಬರೆಯುವುದಕ್ಕೂ ಅವೇ ತಲೆಗಳು (ಹೆಡ್) ಒಟ್ಟಿಗೇ ಆಚೀಚೆ ಓಡುತ್ತವೆ. ಫೂಟೇಜ್ ಓದುತ್ತಾ ಅಲ್ಲೇ ಕ್ಯಾಶ್ ಬರೆಯಿರಿ ಅಂದರೆ ಅದರ ಅರ್ಧ ಹೊತ್ತು ಓಡಾಟದಲ್ಲೇ ಹೋಗುತ್ತದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ನ ಮೀಡಿಯಾ ಕ್ಯಾಶ್, ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ವರ್ಕಿಂಗ್ ಫೋಲ್ಡರ್ಸ್. ಎರಡನ್ನೂ ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಗೆ ತಿರುಗಿಸಿ. ಜಾಗ ಇದ್ದರೆ ಪ್ರಾಕ್ಸಿ ಫೈಲ್‌ಗಳನ್ನೂ, ಅಂದರೆ ಎಡಿಟ್ ಮಾಡುವುದಕ್ಕೆ ಫೂಟೇಜಿನ ಹಗುರವಾದ ಪ್ರತಿಗಳನ್ನೂ, ಅಲ್ಲೇ ಮಾಡಿಕೊಳ್ಳಿ. ನಾಟಕದ ಉಳಿದ ಕೆಲಸವನ್ನು ನಾನು ಪ್ರಾಕ್ಸಿಯಲ್ಲೇ ಮುಗಿಸಿದೆ. ದೊಡ್ಡ ಡಿಸ್ಕ್ ಬೇಕಾದದ್ದು ಕೊನೆಯ ಎಕ್ಸ್‌ಪೋರ್ಟ್‌ಗೆ ಮಾತ್ರ.

ಕೆಲಸ ಮುಗಿದಾಗ ಮೊದಲು ಎಡಿಟಿಂಗ್ ಸಾಫ್ಟ್‌ವೇರ್ ಮುಚ್ಚಿ, ಆಮೇಲೆ ಇಜೆಕ್ಟ್ ಮಾಡಿ. ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರುವ ಡಿಸ್ಕಿಗೆ ಇದು ತುಂಬಾ ಮುಖ್ಯ. ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಳ್ಳುವ ದಾಖಲೆ ಅದರಲ್ಲಿ ಇರುವುದಿಲ್ಲ. ಡಿಸ್ಕ್ ಬಳಕೆಯಲ್ಲಿದೆ ಅಂತ ಹಟ ಹಿಡಿದರೆ ಲ್ಯಾಪ್‌ಟಾಪನ್ನೇ ಶಟ್‌ಡೌನ್ ಮಾಡಿ, ಡಿಸ್ಕಿನ ಲೈಟ್ ಆರಿದ ಮೇಲೆ ಕೇಬಲ್ ತೆಗೆಯಿರಿ.